ಅಜ್ಜಾರು ಮಕ್ಕೊಂಡಾರ

ಇದನ್ನು ಹೇಳದೆ ಎರಡು ಚಳಿಗಾಲ ತಳ್ಳಿದ್ದೇನೆ. ಬೈಯಪ್ಪನಹಳ್ಳಿಯ ನನ್ನ ಮನೆಯ ಮೇಲಿನ ಬಾಡಿಗೆ ಕೋಣೆಯಲ್ಲಿ ಕಲಬುರಗಿ ಕಡೆಯ ಹೆಂಗಸೊಬ್ಬರಿದ್ದರು. ಕೆಲಸಕ್ಕೆ ಹೋಗುವ ತಾಯಂದಿರು ಚಿಕ್ಕ ಮಕ್ಕಳನ್ನು ಅವರ ಬಳಿ ಬಿಡುತ್ತಿದ್ದರು. ಮಕ್ಕಳಿಗೆ ಅವರು ಆಯಿ.

ಡಿಸೆಂಬರಿನ ಚಳಿಗೆ ಕೆಮ್ಮು ಹತ್ತೀತೆಂದು ಆಯಿ ಮಕ್ಕಳನ್ನು ಹೊರಗೆ ಕಳಿಸುತ್ತಿರಲಿಲ್ಲ. ಅವು ಒಳಗೇ ಕುಣಿಯುತ್ತಿದ್ದವು, ಕೆಳಗೆ ನನ್ನ ಹಗಲು ನಿದ್ದೆ ಕೆಡುತ್ತಿತ್ತು. ನಾನು ಕೋಲಿನಿಂದ ಮೇಲ್ಛಾವಣಿಗೆ ಕುಟ್ಟುತ್ತಿದ್ದೆ. ತಕ್ಷಣ ಅವರ ದನಿ ಕೇಳುತ್ತಿತ್ತು: “ಹಗೂರ್ಕ, ಅಜ್ಜಾರು ಮಕ್ಕೊಂಡಾರ.”

ಒಂದು ದಿನ ಬೈಯಲೆಂದೇ ಮೇಲೆ ಹೋದೆ. ನನ್ನಂತೆ ಮಂಕಿ ಟೋಪಿ ಹಾಕಿಕೊಂಡ ಹುಡುಗಿಯೊಬ್ಬಳು ಗೊರಕೆ ಹೊಡೆಯುತ್ತ ಮಲಗಿದ್ದಳು. ಉಳಿದ ಮಕ್ಕಳೂ, ಸೆರಗು ಸಿಕ್ಕಿಸಿದ ಆಯಿಯೂ ತುದಿಗಾಲಲ್ಲಿ ಅವಳನ್ನು ಸುತ್ತುತ್ತಿದ್ದರು. ಆಯಿಯ ಬಳೆ ಸದ್ದಾಯಿತು. ಹುಡುಗಿ ಎದ್ದು ಕೂತು ನನ್ನದೇ ದನಿಯಲ್ಲಿ, “ಯಾರ್ರೀ ಅದು? ಇದೇನು ಮನೇನೋ ಸಂತೇನೋ?” ಎಂದಳು.

“ಆಯಿ ಔಟ್!” ಎಂದು ಮಕ್ಕಳು ನಕ್ಕವು. ಆಯಿಯೂ ನಕ್ಕರು.

“ನನ್ನನ್ನೇ ಆಡ್ಕೋತೀರಾ? ತಿಂಗಳಾಗ್ತಿದ್ದಂಗೆ ಮನೆ ಖಾಲಿ ಮಾಡ್ಬಿಡಿ,” ಎಂದೆ.

“ಹಂಗಲ್ರೀ ಅಜ್ಜಾರ, ನಿಮ್ಮ ನಿದ್ದಿ ಕೆಡಬಾರದಂತ ಕಲಿಸಿದ ಆಟ ರೀ ಇದು.”

ಆ ಕ್ಷಣವೇ ನನಗೆ ಅರ್ಥವಾಯಿತು. ಆದರೂ ಆಡಿದ ಮಾತು ಹಿಂತೆಗೆದುಕೊಳ್ಳಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ. ಅವರು ಗಂಟುಮೂಟೆ ಕಟ್ಟಿ ಊರಿಗೆ ಹೋದರು.

ಈಗ ಕೆಲಸಕ್ಕೆ ಹೋಗುವ ತಾಯಂದಿರು ಮಕ್ಕಳನ್ನು ತಮ್ಮ ತಮ್ಮ ಕೋಣೆಯೊಳಗೆ ಬಿಟ್ಟು ಬೀಗ ಹಾಕುತ್ತಾರೆ. ನಾನು ಆ ಕೋಣೆಗಳ ಮುಂದೆ ಹಾದುಹೋದರೆ ಆ ಹುಡುಗಿ ಕಿಟಕಿಯ ಸರಳು ಹಿಡಿದು, ನಾನಿನ್ನೂ ಮಲಗಿದ್ದೇನೆಂಬಂತೆ ಪಿಸುದನಿಯಲ್ಲಿ ಕೇಳುತ್ತಾಳೆ:

“ಅಜ್ಜಾ, ಆಯಿ ಯಾವಾಗ ಬರ್ತಾಳ?”