ಅಪ್ಪನ ಅಂಗೈಯಗಲದ ಇಂಜಿನ್

ಶಿರಾ ಗೇಟಿನ ಹತ್ತಿರ ಒಂದು ಲೇತ್ ಅಂಗಡಿಯಿದೆ. ಮೊನ್ನೆ ಅದರ ಮುಂದೆ ಆಟೋಗೆ ಕಾಯುತ್ತ ನಿಂತಿದ್ದಾಗ ಒಳಗಿನಿಂದ ಸೀಮೆಎಣ್ಣೆಯೂ ಬಿಸಿ ಅಲ್ಯೂಮಿನಿಯಮ್ಮೂ ಬೆರೆತ ವಾಸನೆ ಬಂತು. ಅಲ್ಯೂಮಿನಿಯಂ ಕಡೆಯುವಾಗ ಟೂಲಿಗೆ ಮೆತ್ತಿಕೊಳ್ಳದಿರಲೆಂದು ಸೀಮೆಎಣ್ಣೆ ಸವರುತ್ತಾರೆ. ಆ ವಾಸನೆಗೆ ಸ್ವಲ್ಪ ಕಟುವಾದ, ಗಂಟಲಲ್ಲಿ ನಿಲ್ಲುವ ಗುಣವಿದೆ. ಆಟೋ ಬಂದು ನಿಂತಿತು, ಹಾರ್ನ್ ಹೊಡೆದು ಹೋಯಿತು. ನಾನು ಮಾತ್ರ ಇದೇ ಊರಿನ ಸದಾಶಿವನಗರದ ನಮ್ಮ ಹಳೆಯ ಮನೆಯ ಹಿತ್ತಲಿನಲ್ಲಿ, ಶೀಟು ಹೊದಿಸಿದ ಆ ಕೋಣೆಯ ಬಾಗಿಲಲ್ಲಿ ನಿಂತಿದ್ದೆ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಮ್ಮ ಬೀದಿಯಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಅಪ್ಪ ಕಾರ್ಖಾನೆಯೊಂದರಲ್ಲಿ ಟರ್ನರ್. ಇಡೀ ದಿನ ಲೇತಿನ ಮುಂದೆ ನಿಂತು ಬಂದವರು ಸಂಜೆ ಕಾಫಿ ಕುಡಿದು ಮತ್ತೆ ಹಿತ್ತಲಿನ ಲೇತಿನ ಮುಂದೆ ನಿಲ್ಲುತ್ತಿದ್ದರು. ಅದು ಹಳೆಯ, ಬಣ್ಣ ಹೋದ, ಚಿಕ್ಕ ಲೇತು. ಗುಬ್ಬಿಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದ ನನ್ನ ಸೋದರಮಾವ ಎಲ್ಲಿಂದಲೋ ಹುಡುಕಿ ತಂದುಕೊಟ್ಟಿದ್ದ. ಅದರಲ್ಲಿ ಅಪ್ಪ ಪೆಟ್ರೋಲಿನಲ್ಲಿ ಓಡುವ ಒಂದು ಪುಟ್ಟ ಇಂಜಿನ್ ಮಾಡಲು ಹೊರಟಿದ್ದರು, ಅಂಗೈ ಮೇಲೆ ಕೂರುವಷ್ಟು ಚಿಕ್ಕದು. ಯಾತಕ್ಕೆ ಎಂದು ಯಾರಾದರೂ ಕೇಳಿದರೆ, "ಸುಮ್ನೆ" ಎನ್ನುತ್ತಿದ್ದರು. ಬೀಡುಕಬ್ಬಿಣದ ಸಿಲಿಂಡರು ಮೊದಲ ಬೇಸಿಗೆಯಲ್ಲೇ ಮುಗಿಯಿತು. ಅದರ ಒಳಮೈಯಲ್ಲಿ ಮುಖ ಕಾಣುತ್ತಿತ್ತು. ಅಮ್ಮನನ್ನು ಕರೆದು ಬೆಳಕಿಗೆ ಹಿಡಿದು ತೋರಿಸಿದ್ದು, ಅವಳು ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಒಂದು ಕಣ್ಣು ಮುಚ್ಚಿ ನೋಡಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ನಾವು ಸುಖವಾಗಿದ್ದ ಕೊನೆಯ ಸಂಜೆಗಳಲ್ಲಿ ಅದೂ ಒಂದು.

ಆ ಮಳೆಗಾಲದಲ್ಲಿ ಅಪ್ಪನ ಬಲಗೈ ನಡುಗತೊಡಗಿತು. ಮೊದಲು ಕಾಫಿ ಲೋಟ ತುಳುಕಿತು. ನಿದ್ದೆ ಸಾಲದೆ ಹಾಗಾಗುತ್ತಿದೆ ಎಂದರು. ಆಮೇಲೆ ಅಂಗಿಯ ಗುಂಡಿ ಹಾಕಲು ಹೊತ್ತಾಗತೊಡಗಿತು. ಬೆಂಗಳೂರಿನ ಡಾಕ್ಟರು ಇದು ನರದ ಕಾಯಿಲೆ, ಬೆಳೆಯುತ್ತ ಹೋಗುತ್ತದೆ, ಮಾತ್ರೆಯಿಂದ ಸ್ವಲ್ಪ ತಡೆಯಬಹುದಷ್ಟೆ ಎಂದರು. ವಾಪಸು ಬರುವಾಗ ಬಸ್ಸಿನಲ್ಲಿ ಅಪ್ಪ ಬಲಗೈಯನ್ನು ತೊಡೆಯ ಕೆಳಗೆ ಸೇರಿಸಿ ಕೂತಿದ್ದರಂತೆ. ಕಾರ್ಖಾನೆಯಲ್ಲಿ ಯಾರಿಗೂ ಹೇಳಕೂಡದೆಂದು ಅಮ್ಮನಿಂದ ಮಾತು ತೆಗೆದುಕೊಂಡರು. ಅಲ್ಲಿಂದ ಮುಂದೆ ಆ ಇಂಜಿನ್ ಸುಮ್ಮನೆ ಮಾಡುವ ಇಂಜಿನ್ ಆಗಿ ಉಳಿಯಲಿಲ್ಲ. "ಈ ಪಿಸ್ಟನ್ ಒಂದು ಕಡ್ದುಬಿಟ್ರೆ ನಾನಿನ್ನೂ ಟರ್ನರ್ರೇ ಕಣೇ ಸುಶೀಲ," ಎಂದು ಅಮ್ಮನಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು.

ಪಿಸ್ಟನ್ ಸಿಲಿಂಡರಿನೊಳಗೆ ಬಿಗಿಯೂ ಆಗದೆ, ಸಡಿಲವೂ ಆಗದೆ ಜಾರಬೇಕು. ಕೊನೆಯ ಸುತ್ತಿನಲ್ಲಿ ಟೂಲನ್ನು ಕೂದಲೆಳೆಯಷ್ಟು ಮುಂದೆ ತರುವಾಗ ಅಪ್ಪನ ಕೈ ಲೇತಿನ ಹಿಡಿಯ ಮೇಲೆ ಅದುರಿ, ಪಿಸ್ಟನ್ನಿನ ಮೈಮೇಲೆ ಗೀರು ಬೀಳುತ್ತಿತ್ತು. ಮಾವ ಹಳೆಯ ಸ್ಕೂಟರ್ ಪಿಸ್ಟನ್ನುಗಳನ್ನು ಕರಗಿಸಿ ದುಂಡು ಸರಳು ಎರಕ ಹೊಯ್ದು ತಂದುಕೊಡುತ್ತಿದ್ದ. ಅಪ್ಪ ಕಡೆಯುತ್ತಿದ್ದರು, ಕೆಡಿಸುತ್ತಿದ್ದರು. ಕೆಟ್ಟವುಗಳನ್ನು ಎಸೆಯದೆ ಕಿಟಕಿಯ ಅಂಚಿನಲ್ಲಿ ಸಾಲಾಗಿ ಇಡುತ್ತಿದ್ದರು. "ಬುಡು ಭಾವ, ನಮ್ ಅಂಗ್ಡಿ ಹುಡ್ಗನ್ ಕೈಲಿ ಕಡ್ಸ್ಕೊಂಡ್ ಬತ್ತೀನಿ," ಎಂದು ಮಾವ ಒಮ್ಮೆ ಅಂದಾಗ ಅಪ್ಪ ಅವನ ಜೊತೆ ಊಟಕ್ಕೂ ಕೂರಲಿಲ್ಲ. ಒಂದು ದಿನ ಅಮ್ಮನ ಹಳೇ ಸೀರೆಯ ಅಂಚು ಹರಿದು ಮೊಳಕೈಯನ್ನು ಹಲಗೆಗೆ ಬಿಗಿದು ಕಟ್ಟಿಕೊಂಡು ನೋಡಿದರು. ಬೆರಳು ಮಾತ್ರ ಇನ್ನೂ ಜೋರಾಗಿ ಅದುರಿತು. ಬಿಚ್ಚುವಾಗ ಅಲ್ಲಿ ಕೆಂಪು ಬಾಸುಂಡೆ ಎದ್ದಿತ್ತು.

ಕೊನೆಯ ಸರಳು ಉಳಿದಿದ್ದ ಭಾನುವಾರ ಮಧ್ಯಾಹ್ನ ಅಮ್ಮ ಅಡುಗೆಮನೆಯಿಂದ ನೇರ ಹಿತ್ತಲಿಗೆ ನಡೆದಳು. ನಾನು ಹಿಂದೆಯೇ ಹೋದೆ. ತಿರುಗುವ ಲೇತಿನ ಹತ್ತಿರ ಬಳೆ ತೊಟ್ಟವರು ಬರಬಾರದೆಂದು ಅಪ್ಪ ಅವಳನ್ನು ಎಂದೂ ಒಳಗೆ ಬಿಟ್ಟವರಲ್ಲ. ಅವಳು ಹೊಸಿಲ ಬಳಿ ನಿಂತು ಎರಡೂ ಕೈಯ ಗಾಜಿನ ಬಳೆಗಳನ್ನು ಒಂದೊಂದಾಗಿ ಕಳಚಿ ನನ್ನ ಬೊಗಸೆಗೆ ಹಾಕಿದಳು.

"ಬಳೆ ತೆಗೀಬೇಡ ಕಣೇ," ಎಂದರು ಅಪ್ಪ.

"ಬಳೆ ಆಮೇಲೂ ಹಾಕ್ಕೋಬೋದು ರೀ. ಇದನ್ನ ಯಾವ್ ಕಡೆ ತಿರುಗಿಸ್ಲಿ, ಹೇಳಿ," ಎಂದು ಅವಳು ಒಳಗೆ ಬಂದು ಲೇತಿನ ಹಿಡಿ ತೋರಿಸಿದಳು.

ಅಪ್ಪ ಸ್ವಿಚ್ಚು ಹಾಕಿದರು. ಅವಳ ಕೈ ಹಿಡಿಯ ಮೇಲೆ. ಅವರು ಅವಳ ಹಿಂದೆ ನಿಂತು, ಬಲಗೈಯನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು, ಹಿಡಿಯ ಪಕ್ಕದ ಅಳತೆಗೆರೆಗಳನ್ನು ನೋಡುತ್ತ, "ಸಾವ್ಕಾಶ... ಇನ್ನೊಂದ್ ಗೆರೆ... ಸಾಕು, ನಿಲ್ಲು" ಎನ್ನುತ್ತಿದ್ದರು. ಬೆಳ್ಳನೆಯ ಲೋಹದ ಸುರುಳಿ ಅವಳ ಪಾದದ ಮೇಲೆ ಬೀಳುತ್ತಿತ್ತು. ಅವಳು ಕದಲಲಿಲ್ಲ. ಪಿಸ್ಟನ್ನಿಗೆ ಎಣ್ಣೆ ಸವರಿ ಸಿಲಿಂಡರಿನೊಳಗೆ ಬಿಟ್ಟಾಗ ಅದು ನಿಧಾನವಾಗಿ, ನಿಟ್ಟುಸಿರಿನಂಥ ಸದ್ದು ಮಾಡುತ್ತ ಇಳಿಯಿತು.

ಉಳಿದ ಚಿಕ್ಕಪುಟ್ಟ ಕೆಲಸವನ್ನೂ ಇಬ್ಬರೂ ಹೀಗೆಯೇ ಮುಗಿಸಿದರು. ಇಂಜಿನ್ನನ್ನು ಬೆಂಚಿಗೆ ಬಿಗಿದ ದಿನ ಮಾವನೂ ಬಂದಿದ್ದ. ಚಕ್ರಕ್ಕೆ ದಾರ ಸುತ್ತಿ ಅವನೇ ಎಳೆದ. ಮೊದಲು ಬರೀ ಕೆಮ್ಮಿತು. ಆಮೇಲೆ ಓಡತೊಡಗಿತು. ಆ ಚೂರು ಇಂಜಿನ್ನಿನ ಸದ್ದಿಗೆ ಕಿಟಕಿಯ ಮೇಲಿದ್ದ ಕೆಟ್ಟ ಪಿಸ್ಟನ್ನುಗಳೆಲ್ಲ ಸಣ್ಣಗೆ ಅದುರಿದವು. ಮಾವ ನಗುತ್ತಿದ್ದ. ನಾನು ಕುಣಿಯುತ್ತಿದ್ದೆ. ಅಪ್ಪ ತಲೆ ಓರೆ ಮಾಡಿ ಕೇಳಿಸಿಕೊಂಡು, ಪೆಟ್ರೋಲು ನಿಲ್ಲಿಸಿದರು.

"ಚೆನ್ನಾಗ್ ಓಡ್ತೈತಲ್ಲ ಭಾವ, ಯಾಕ್ ನಿಲ್ಲಿಸ್ದೆ?" ಎಂದ ಮಾವ.

"ಚೆನ್ನಾಗೇ ಓಡ್ತಿದೆ," ಎಂದರು ಅಪ್ಪ. "ಕಡ್ದೋಳು ಅವ್ಳು. ನನ್ ಕೆಲ್ಸ ಮುಗೀತು."

ಗೋಡೆಗೆ ಮುಖ ಮಾಡಿ ಅವರು ಅತ್ತದ್ದನ್ನು ನಾನು ಮೊದಲ ಸಲ ಕಂಡೆ. ಮರುದಿನ ಬೆಳಿಗ್ಗೆ ಇಸ್ತ್ರಿ ಅಂಗಿ ಹಾಕಿಕೊಂಡು ಹೋಗಿ ಸೂಪರ್‌ವೈಸರರ ಮುಂದೆ ಕೈ ಚಾಚಿ ತೋರಿಸಿದರಂತೆ. ಅವರನ್ನು ಕಾರ್ಖಾನೆಯ ಸ್ಟೋರ್ ಕೆಲಸಕ್ಕೆ ಹಾಕಿದರು. ಕೆಲವು ತಿಂಗಳಿಗೆ ಅದನ್ನೂ ಬಿಟ್ಟರು. ಲೇತು ಗುಬ್ಬಿಗೆ ಹೋಯಿತು. ನಾವು ಕುಣಿಗಲ್ಲಿಗೆ, ಅಜ್ಜಿಯ ಮನೆಯ ಹಿಂದಿನ ಎರಡು ಕೋಣೆಗಳಿಗೆ ಹೋದೆವು. ಅಮ್ಮ ಬಟ್ಟೆ ಹೊಲಿದು ಸಂಸಾರ ನಡೆಸಿದಳು. ಸದಾಶಿವನಗರದ ಆ ಮನೆ ಈಗಿಲ್ಲ. ಅದರ ಜಾಗದಲ್ಲಿ ಮೂರಂತಸ್ತಿನ ಕಟ್ಟಡವಿದೆ.

ಕುಣಿಗಲ್ಲಿನಲ್ಲಿ ಅಪ್ಪನಿಗೆ ತುತ್ತನ್ನು ಬಾಯಿಗೆ ಒಯ್ಯುವುದೂ ಆಗದಾಯಿತು. ಅಮ್ಮ ತನ್ನ ಎಡಕ್ಕೆ ಅವರನ್ನು ಕೂರಿಸಿಕೊಂಡು ಒಂದೇ ತಟ್ಟೆಯಿಂದ ಅವರಿಗೊಂದು ತುತ್ತು, ತನಗೊಂದು ತುತ್ತು ಎಂದು ಉಣ್ಣುತ್ತಿದ್ದಳು. ವರ್ಷಗಳು ಹಾಗೇ ಕಳೆದವು. ಅಪ್ಪ ತೀರಿಕೊಂಡು ಕರ್ಮಗಳೆಲ್ಲ ಮುಗಿದ ಮಧ್ಯಾಹ್ನ ನೆಂಟರು ಬಲವಂತ ಮಾಡಿ ಅವಳನ್ನು ಊಟಕ್ಕೆ ಕೂರಿಸಿದರು. ಅವಳು ಅನ್ನ ಕಲಸಿ, ಮೊದಲ ತುತ್ತನ್ನು ಎತ್ತಿ, ಎಡಕ್ಕೆ ಚಾಚಿದಳು. ಕೈ ಅಲ್ಲೇ ನಿಂತಿತು.