ಹಾಜಿರಾಬೀ ತುಂಬಿಕೊಟ್ಟ ಕಾಡತೂಸುಗಳು

ಮಸ್ಕಿಯಲ್ಲಿ ಅಮರಗುಂಡಪ್ಪ ಸಾವ್ಕಾರರ ರೈಸ್‌ಮಿಲ್ಲಿನ ಹಿಂದೆ, ಹೊಟ್ಟಿನ ಗುಡ್ಡೆ ದಾಟಿದರೆ, ಎರಡು ಖೋಲಿಯ ಮನೆಯೊಂದಿದೆ. ಕುಕ್ಕರಿನ ಸೀಟಿ ನಿಂತವರು, ತಿಜೋರಿಯ ಚಾವಿ ಕಳಕೊಂಡವರು ಅಲ್ಲಿಗೆ ಬರುತ್ತಾರೆ. ಬಂದವರು ಕೂಗುವುದು ಜಂಗ್ಲಿಸಾಬನ ಹೆಸರನ್ನು. ಕೆಲಸ ಮಾಡಿಕೊಡುವವಳು ಅವನ ಹೆಂಡತಿ ಹಾಜಿರಾಬೀ. ಜಂಗ್ಲಿಸಾಬನಿಗೆ ಲಕ್ವಾ ಹೊಡೆದು ಬಲಗೈ ಬಿದ್ದುಹೋದ ಮೇಲೆ ಮನೆಯ ರೂಢಿಯೇ ಹೀಗಾಯಿತು. ಅವನು ಬಾಗಿಲ ಪಕ್ಕದ ಹೊರಸಿನ ಮೇಲೆ ಕೂತು ಹೂಂ ಅನ್ನುತ್ತಾನೆ, ಅವಳು ಮಾಡುತ್ತಾಳೆ.

ಜಂಗ್ಲಿಸಾಬನ ಅಪ್ಪ ಬಂದೂಕು ರಿಪೇರಿಯವನು, ಸರ್ಕಾರದ ಲೈಸೆನ್ಸ್ ಇದ್ದವನು. ತಮ್ಮ ಮನೆಯ ಬಂದೂಕುಗಳನ್ನು ನೋಡಿಕೊಂಡಿರಲಿ ಎಂದು ಸಾವ್ಕಾರರ ಅಜ್ಜ ಅವನನ್ನು ಕರೆತಂದು ಈ ಮನೆಯಲ್ಲಿ ಇರಿಸಿದ್ದರು. ಬರೀ ಬಾಯಿಮಾತಿನಲ್ಲಿ ಕೊಟ್ಟ ಮನೆ ಅದು. ಅಪ್ಪ ಸತ್ತ, ಲೈಸೆನ್ಸೂ ಅವನ ಜೊತೆಗೇ ಹೋಯಿತು. ಬಂದೂಕುಗಳೂ ಒಂದೊಂದಾಗಿ ಮಾಯವಾಗಿ, ಕೊನೆಗೆ ಉಳಿದದ್ದು ಹಳೇ ಮಿಲಿಟರಿ ರೈಫಲ್ ಒಂದು, ಅದಕ್ಕೆ ಹೊಂದುವ ಹಿತ್ತಾಳೆ ಕೊಳವೆಗಳದೊಂದು ಡಬ್ಬಿ. ಸೈನ್ಯದವರು ಹಾರಿಸಿ ಗುಜರಿಗೆ ಹಾಕಿದ ಖಾಲಿ ಕಾಡತೂಸುಗಳು ಅವು. ರೈಫಲ್ಲಿಗೆ ಸಾವ್ಕಾರರ ಹೆಸರಲ್ಲಿ ಲೈಸೆನ್ಸ್ ಇತ್ತು, ಆದರೆ ಅದರ ಗುಂಡು ಯಾವ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ. ಹಾರಿಸಿದ ಕೊಳವೆಗೇ ಮತ್ತೆ ಮದ್ದು ತುಂಬಿ, ಮತ್ತೆ ಗುಂಡು ಕೂರಿಸಬೇಕು. ಅಪ್ಪ ತುಂಬಿದ, ಮಗ ತುಂಬಿದ, ಈಗ ಸೊಸೆ ತುಂಬುತ್ತಿದ್ದಳು. ಲೈಸೆನ್ಸಿಲ್ಲದೆ ಮಾಡಿದರೆ ಇದು ಜೈಲಿನ ಕೆಲಸ ಎಂಬುದು ಗಂಡನಿಗೂ ಗೊತ್ತು, ಹೆಂಡತಿಗೂ ಗೊತ್ತು, ಸಾವ್ಕಾರರಿಗಂತೂ ಚೆನ್ನಾಗಿಯೇ ಗೊತ್ತು.

ಚುನಾವಣೆ ಮುಗಿದು, ಠಾಣೆಯಲ್ಲಿ ಜಮಾ ಮಾಡಿದ್ದ ರೈಫಲ್ ವಾಪಸು ಬಂದ ವಾರದಲ್ಲೇ ಸಾವ್ಕಾರರು ಬಾಗಿಲಿಗೆ ಬಂದರು.

"ಜಂಗ್ಲಿಸಾಬ್, ಗೊರೇಬಾಳದ ಗದ್ದ್ಯಾಗ ಹಂದಿ ಹೊಕ್ಕಾವ. ನೆಲ್ಲು ತಿನ್ನೂದಕ್ಕಿಂತ ತುಳಿಯೂದ ಹೆಚ್ಚು. ಒಂದಿಷ್ಟು ತುಂಬಿಸಿ ಇಡು."

"ಆಯ್ತು ಸಾವ್ಕಾರ್ರ," ಅಂದ ಜಂಗ್ಲಿಸಾಬ್. ಹೆಂಡತಿಯ ಕಡೆ ನೋಡಲೂ ಇಲ್ಲ.

ಹಾಜಿರಾಬೀ ಡಬ್ಬಿ ಇಳಿಸಿದಳು. ಕೊಳವೆಗಳನ್ನು ತೊಳೆದು ಬಿಸಿಲಿಗೆ ಹಾಕಿ, ಒಂದೊಂದನ್ನೂ ಎತ್ತಿ ನೋಡತೊಡಗಿದಳು. ಕೆಲವುಗಳ ಬಾಯಿ ಸೀಳಿತ್ತು, ಅವನ್ನು ಬದಿಗಿಟ್ಟಳು. ಮೇಲೆ ಚೆನ್ನಾಗಿ ಕಂಡವುಗಳೊಳಗೆ ಬಗ್ಗಿಸಿದ ಸೂಜಿ ಇಳಿಬಿಟ್ಟು ಸವರಿದಳು. ಬುಡದ ಹತ್ತಿರ ಸೂಜಿಯ ಮೊನೆ ಸಿಕ್ಕಿಕೊಂಡಿತು. ಹೊರಗೆ ಕಾಣದ ಗೆರೆಯೊಂದು ಒಳಗೆ ಸುತ್ತಲೂ ಬಿದ್ದಿತ್ತು. ಇನ್ನೊಂದನ್ನು ನೋಡಿದಳು, ಅದರಲ್ಲೂ ಅದೇ.

"ಅಜೀ, ಇವು ಸವೆದು ಹೋಗ್ಯಾವ. ಹಾರಿಸಿದ್ರ ಬುಡಾ ಕಿತ್ತು ಮುಖಕ್ಕ ಬಡೀತದ," ಅಂದಳು ಗಂಡನಿಗೆ.

"ನಮ್ಮಪ್ಪ ಜೋಪಾನ ಮಾಡಿದ್ದು ಅವು."

"ಅಪ್ಪಾಜಿ ಹೋಗಿ ಎಷ್ಟು ಕಾಲ ಆತು? ಸಾವ್ಕಾರ್ರಿಗೆ ಆಗಂಗಿಲ್ಲ ಅಂತ ಹೇಳ್ರಿ."

"ನಾ ಹೇಳ್ಬೇಕಾ? ಜಂಗ್ಲಿಸಾಬನ ಮನ್ಯಾಗ ಆಗಂಗಿಲ್ಲ ಅಂತ?" ಅವನು ಗೋಡೆಗೆ ಮುಖ ತಿರುಗಿಸಿದ.

ಕೈ ಹೋದ ಮೇಲೆ ಅವನಿಗೆ ಉಳಿದದ್ದು ಆ ಒಂದು ಹೆಸರು. ಅದನ್ನು ಅವಳು ಬಲ್ಲಳು. ಹಾಗಾಗಿ ತಾನೇ ಸೆರಗು ಹೊದ್ದು ಮಿಲ್ಲಿಗೆ ಹೋದಳು. ಸಾವ್ಕಾರರು ಕೂರಿಸಿ ಚಹಾ ತರಿಸಿದರು. ಅವಳ ಮಾತನ್ನು ಪೂರ್ತಿ ಕೇಳಿಸಿಕೊಂಡರು.

"ಹಾಜಿರವ್ವ, ಅಂಜಬ್ಯಾಡ. ಚಲೋ ನೋಡಿ ಆರಿಸಿ ತುಂಬು. ಇಷ್ಟು ವರ್ಷ ಏನೂ ಆಗಿಲ್ಲ, ಈಗೇನ್ ಆಗ್ತದ? ಯಾರು ತುಂಬತಾರ ಅಂತ ಮಂದಿ ಕೇಳ್ತಾರ, ನಾ ಇವತ್ತಿನತನ ಬಾಯಿ ಬಿಟ್ಟಿಲ್ಲ. ಮುಂದೂ ಬಿಡಂಗಿಲ್ಲ."

ದನಿ ಎತ್ತರಿಸದೆ, ಮನೆ ಮಗಳಿಗೆ ಹೇಳುವಷ್ಟು ಮೆತ್ತಗೆ ಹೇಳಿದರು. ಅವಳು ಚಹಾದ ಕಪ್ಪನ್ನು ಹಾಗೇ ಕೆಳಗಿಟ್ಟಳು. ಬಾಯಿ ಬಿಟ್ಟರೆ ಏನಾಗುತ್ತದೆ ಎಂಬುದನ್ನು ಅವರು ಹೇಳಬೇಕಾಗಿಯೇ ಇರಲಿಲ್ಲ. ಮಗಳು ಶಾಹೀಸ್ತಾಳನ್ನು ಲಿಂಗಸುಗೂರಿನ ಮರ್ಯಾದಸ್ಥರ ಮನೆಗೆ ಕೊಟ್ಟಿದ್ದರು. ತಾಯಿ ಠಾಣೆ ಮೆಟ್ಟಿಲು ಹತ್ತಿದಳು ಎಂಬ ಸುದ್ದಿ ಆ ಮನೆ ಮುಟ್ಟಿದರೆ ಮಗಳ ಬಾಳು ಏನಾಗಬೇಕು?

ಅವಳು ಆರಿಸಿದಳು. ಸೂಜಿ ಎಲ್ಲೂ ಸಿಕ್ಕದ ನಾಲ್ಕಾರು ಕೊಳವೆಗಳನ್ನು ಮಾತ್ರ ತುಂಬಿ ಕೊಟ್ಟಳು. ಕೊಟ್ಟ ಮೇಲೆ ಮಿಲ್ಲಿನ ಕಡೆ ಯಾರಾದರೂ ಜೋರಾಗಿ ಮಾತಾಡಿದರೆ ಸಾಕು, ಕೈಯಲ್ಲಿದ್ದ ಇಕ್ಕಳ ಕೆಳಗಿಟ್ಟು ಕಿವಿಗೊಡುತ್ತಿದ್ದಳು.

ಅವಳ ಸೂಜಿಗೂ ಸಿಗದ ಗೆರೆ ಒಂದರಲ್ಲಿ ಇತ್ತು. ಬೆಳಗಿನ ಜಾವ ಗೊರೇಬಾಳದ ಕಾಲುವೆ ದಂಡೆಯ ಮೇಲೆ ಸಾವ್ಕಾರರು ರೈಫಲ್ಲಿನ ಕುದುರೆ ಎಳೆದಾಗ ಅದು ಹಿಂಬದಿಯಿಂದ ಬೆಂಕಿ ಉಗುಳಿತು. ಕೆನ್ನೆ ಸುಟ್ಟಿತು, ಹಿತ್ತಾಳೆಯ ಚೂರೊಂದು ಬಲಗಣ್ಣಿಗೆ ಹೊಕ್ಕಿತು. ಆಳುಗಳು ಅವರನ್ನು ಸಿಂಧನೂರಿನ ಆಸ್ಪತ್ರೆಗೆ ಒಯ್ದರು. ಡಾಕ್ಟರು ಕೇಳಿದ್ದಕ್ಕೆ ಸಾವ್ಕಾರರು, ಹಂದಿ ಓಡಿಸಲು ಹಚ್ಚಿದ ಪಟಾಕಿ ಮುಖದ ಹತ್ತಿರವೇ ಸಿಡಿಯಿತು ಅಂದರು. ಪೊಲೀಸರಿಗೂ ಅದನ್ನೇ ಹೇಳಿದರು.

ಸುದ್ದಿ ಮಿಲ್ಲಿನ ಹಮಾಲರಿಂದ ಹಾಜಿರಾಬೀಗೆ ತಿಳಿಯಿತು. ಅವಳು ಒಲೆಯ ಉರಿ ಆರಿಸಿ ಕೂತಳು. ಒಬ್ಬ ಮನುಷ್ಯನ ಕಣ್ಣು ಹೋಗಿತ್ತು, ತುಂಬಿದ್ದು ತನ್ನ ಕೈ. ಪೊಲೀಸರು ಇವತ್ತು ಬಂದಾರು, ನಾಳೆ ಬಂದಾರು ಎಂದು ಕಾದಳು. ಯಾರೂ ಬರಲಿಲ್ಲ. ಬಂದದ್ದು ಸಾವ್ಕಾರರೇ, ಕಣ್ಣಿಗೆ ಬಿಳಿ ಪಟ್ಟಿ ಕಟ್ಟಿಕೊಂಡು.

"ನಿನ್ನ ಹೆಸರು ಎಲ್ಲೂ ಹೇಳಿಲ್ಲವ್ವ," ಅಂದರು. ಹಾಜಿರಾಬೀ ಅವರ ಕಾಲಿಗೆ ಬೀಳಲು ಹೋದಳು. ಅವರು ತಡೆದರು. ಆಮೇಲೆ ಜಂಗ್ಲಿಸಾಬನ ಕಡೆ ತಿರುಗಿ, "ರೈಫಲ್ಲಿಗೆ ಏನೂ ಆಗಿಲ್ಲ. ಮಗ್ಗಲು ಹೊಲದವರು ನಗಾಕತ್ಯಾರ, ಸಾವ್ಕಾರ ಹಂದಿಗೆ ಅಂಜಿದ ಅಂತ. ಈ ಸಲ ನೀನ ಕುಂತು ನೋಡಿ ತುಂಬಿಸು," ಅಂದರು.

"ಆಯ್ತು ಸಾ..." ಅನ್ನುತ್ತಿದ್ದ ಜಂಗ್ಲಿಸಾಬ್.

ಹಾಜಿರಾಬೀ ಎದ್ದಳು. ಡಬ್ಬಿಯನ್ನು ತಂದು ಗಂಡನ ಮುಂದೆ ಹೊರಸಿನ ಮೇಲೆ ಇಟ್ಟಳು.

"ಆಯ್ತು ಅಂದ ಬಾಯಿ ನಿಮ್ದು. ನಿಮ್ಮ ಕೈಲೇ ತುಂಬಿ ಕೊಡ್ರಿ. ನನ್ನ ಕೈ ಇನ್ನ ಮುಟ್ಟಂಗಿಲ್ಲ. ಸಾವ್ಕಾರ್ರು ಠಾಣೆಗೆ ಹೇಳಿದ್ರೂ ಹೇಳ್ಲಿ."

ಅಷ್ಟು ವರ್ಷದಲ್ಲಿ ಪರರ ಮುಂದೆ ಅವಳು ಗಂಡನಿಗೆ ಎದುರು ಮಾತಾಡಿದವಳಲ್ಲ. ಜಂಗ್ಲಿಸಾಬನ ಮುಖ ಕಪ್ಪಿಟ್ಟಿತು. ಎಡಗೈಯಿಂದ ಒಂದು ಕೊಳವೆ ಎತ್ತಿದ. ಅದನ್ನು ಬಲಗೈಗೆ ಕೊಟ್ಟು ಬೆರಳುಗಳನ್ನು ಒಂದೊಂದಾಗಿ ಮಡಿಸಿದ. ಬೆರಳು ಬಿಚ್ಚಿಕೊಂಡವು, ಕೊಳವೆ ನೆಲಕ್ಕೆ ಉರುಳಿತು. ಇನ್ನೊಂದು ಎತ್ತಿದ, ಅದೂ ಉರುಳಿತು. ಸಾವ್ಕಾರರು ಒಂದೇ ಕಣ್ಣಿನಿಂದ ನೋಡುತ್ತಾ ನಿಂತಿದ್ದರು. ಹಾಜಿರಾಬೀಗೆ ತಾನೆಂಥ ಮಾತಾಡಿಬಿಟ್ಟೆ ಅನ್ನಿಸಿತು, ಆದರೆ ಹೆಕ್ಕಿಕೊಡಲು ಬಗ್ಗಲಿಲ್ಲ.

"ಆಗಂಗಿಲ್ಲ ಸಾವ್ಕಾರ್ರ," ಅಂದ ಜಂಗ್ಲಿಸಾಬ್ ಕೊನೆಗೆ. "ನನ್ನ ಕೈಲೆ ಆಗಂಗಿಲ್ಲ."

ಅವಳು ಡಬ್ಬಿಯನ್ನು ಅಂಗಳಕ್ಕೆ ಒಯ್ದು, ಕೊಳವೆಗಳನ್ನು ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಚಪ್ಪಟೆ ಮಾಡಿದಳು. ಒಂದನ್ನೂ ಉಳಿಸಲಿಲ್ಲ. ಸಾವ್ಕಾರರು ತಡೆಯಲಿಲ್ಲ. ಹೊರಡುವಾಗ ಬಾಗಿಲಲ್ಲಿ ನಿಂತು, "ಈ ಮಾತು ನಮ್ಮ ಮೂರು ಮಂದ್ಯಾಗ ಇರ್ಲಿ," ಅಂದರು.

ಮರುತಿಂಗಳು ಅವರು ರೈಫಲ್ಲನ್ನು ಠಾಣೆಗೆ ಒಪ್ಪಿಸಿದರು. ಗದ್ದೆಯ ಸುತ್ತ, ಮುಟ್ಟಿದರೆ ಕರೆಂಟು ಹೊಡೆಯುವ ಝಟಕಾ ತಂತಿ ಹಾಕಿಸಿದರು.

ಇನ್ನು ಈ ಮನೆ ಬೇಡ, ಲಿಂಗಸುಗೂರಿನಲ್ಲಿ ಮಗಳ ಹತ್ತಿರ ಒಂದು ಖೋಲಿ ಹಿಡಿಯೋಣ ಎಂದು ಹಾಜಿರಾಬೀ ಸಾಮಾನು ಕಟ್ಟಿದಳು. ಹೇಳಿ ಹೋಗಲೆಂದು ಮಿಲ್ಲಿಗೆ ಹೋದರೆ ಸಾವ್ಕಾರರು ತಲೆ ಅಲ್ಲಾಡಿಸಿದರು.

"ಈಗ ಹೋದ್ರ ಮಂದಿ ಯಾಕಂತ ಕೇಳ್ತಾರ. ನನ್ನ ಕಣ್ಣಿಗೂ ನಿಮಗೂ ಗಂಟು ಹಾಕ್ತಾರ. ಇರ್ರಿ, ಯಾರ್ ಬ್ಯಾಡ ಅಂದಾರ?"

ಅವಳು ಮನೆಗೆ ಬಂದು ಗಂಟು ಬಿಚ್ಚಿದಳು. ಪಾತ್ರೆಗಳನ್ನು ಮತ್ತೆ ಗೋಡೆಯ ಮಾಡದಲ್ಲಿ ಜೋಡಿಸುವಾಗ ಜಂಗ್ಲಿಸಾಬ್, ಸಾವ್ಕಾರ್ರು ಏನಂದ್ರು ಎಂದು ಕೇಳಿದ. ಇಲ್ಲೇ ಇರಬೇಕಂತ, ಅಂದಳು. ಅಷ್ಟರಲ್ಲಿ ಹೊರಗೆ ಯಾರೋ ಕುಕ್ಕರ್ ಹಿಡಿದುಕೊಂಡು ಜಂಗ್ಲಿಸಾಬನ ಹೆಸರು ಕೂಗಿದರು. ಅವನು ಓಗೊಡಲಿಲ್ಲ. ಹಾಜಿರಾಬೀ ಕೈ ಒರೆಸಿಕೊಂಡು ಎದ್ದು ಹೋದಳು.