ಕ್ಯಾಸೆಟ್ಟಿನ ಕೆಳಗಿನ ಚೀಟಿ

ಸ್ಯಾನ್ ಫ್ರಾನ್ಸಿಸ್ಕೋ ಬಳಿಯ ಮೆನ್ಲೋ ಪಾರ್ಕಿನ ಈ ವಿಡಿಯೊ ಅಂಗಡಿಯಲ್ಲಿ ವಿಶ್ವ ಸಿನಿಮಾಕ್ಕೆ ಒಂದಿಡೀ ಗೋಡೆ. ಇರಾನಿಗೂ ತೈವಾನಿಗೂ ನಡುವೆ ನಮ್ಮ ಕನ್ನಡದ್ದೊಂದು ಕ್ಯಾಸೆಟ್ ನೆಟ್ಟಗೆ ನಿಂತಿದೆ. ಕಂಡೊಡನೆ ಎದೆಯುಬ್ಬಿತು. ಕೈಯಿಂದ ಕೈಗೆ ಹೋಗಿ ಡಬ್ಬಿಯ ಮೂಲೆಗಳು ಸವೆದು ಬೆಳ್ಳಗಾಗಿವೆ.

ಇಲ್ಲಿ ಗಿರಾಕಿಗಳೇ ತಾವು ಮೆಚ್ಚಿದ ಚಿತ್ರದ ಬಗ್ಗೆ ಚೀಟಿ ಬರೆದು ಕ್ಯಾಸೆಟ್ಟಿನ ಕೆಳಗೆ ಅಂಟಿಸುತ್ತಾರೆ. ಕನ್ನಡದ್ದರ ಕೆಳಗೂ ಇಂಗ್ಲಿಷಿನಲ್ಲೊಂದು ಚೀಟಿಯಿತ್ತು: 'ಮೊದಲ ಅರ್ಧ ಗಂಟೆ ಏನೂ ನಡೆಯುವುದಿಲ್ಲ. ದಯವಿಟ್ಟು ಏಳಬೇಡಿ.'

"ನಾನೇ ಸಾರ್ ಬರ್ದಿದ್ದು," ಎಂದರು ನನ್ನನ್ನು ಕರೆತಂದ ಸವಿತಾ. ಹಾಸನದ ಕಡೆಯವರು, ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬೊಂದರಲ್ಲಿ ಕೆಲಸ. "ಕ್ಯಾಸೆಟ್ಟೂ ನಾನೇ ಕೊಟ್ಟಿದ್ದು. ಮೊದ್ಲು ಯಾರೂ ಮುಟ್ತಿರ್ಲಿಲ್ಲ. ಈಗ ಶೆಲ್ಫಲ್ಲಿ ನಿಲ್ಲೋದೇ ಇಲ್ಲ, ಇವತ್ತು ಸಿಕ್ಕಿದ್ದೇ ಹೆಚ್ಚು."

ಇಷ್ಟು ವರ್ಷ ಪತ್ರಿಕೆಗೆ ಬರೆದ ನಾನು ಇಂಥ ಎರಡು ಸಾಲಿನ ವಿಮರ್ಶೆ ಬರೆದಿಲ್ಲ. ಇದೇ ಚಿತ್ರ ಬೆಂಗಳೂರಿನಲ್ಲಿ ತೆರೆಕಂಡಾಗ ಅರ್ಧ ಗಂಟೆಗೇ ಎದ್ದು ಬಂದು, 'ತೆವಳುತ್ತದೆ' ಎಂದು ಎರಡು ಕಾಲಂ ಬರೆದವನು ನಾನು.

ಇವರು ನಮ್ಮಲ್ಲಿ ದೊಡ್ಡ ವಿಮರ್ಶಕರು ಎಂದು ಸವಿತಾ ಹೆಮ್ಮೆಯಿಂದ ಪರಿಚಯಿಸಿದ್ದೇ ತಡ, ನೀವೂ ಒಂದು ಮಾತು ಬರೆಯಿರಿ ಎಂದು ಅಂಗಡಿಯವನು ಪೆನ್ನು ಚಾಚಿದ. ಆಕೆಯ ಚೀಟಿಯ ಅಡಿಯಲ್ಲಿ ಕನ್ನಡದಲ್ಲೇ ಬರೆದೆ: 'ನಾನು ಎದ್ದಿದ್ದೆ.' ಸಹಿಯನ್ನೂ ಹಾಕಿದೆ.

ಸವಿತಾ ಓದಿದರು. ಕ್ಯಾಸೆಟ್ಟನ್ನು ಶೆಲ್ಫಿನಿಂದ ಇಳಿಸಿ ನನ್ನ ಕೈಗಿತ್ತರು.

"ಈ ಸಲ ಏಳ್ಬೇಡಿ ಸಾರ್."